ಅಯಸ್ಕಾಂತದಿಂದ ತಿರುಗುವ ಕ್ಯಾಥೆಟರ್: ಮಿದುಳಿನ ಅನ್ಯೂರಿಸಂಗೆ ಎಷ್ಟರ ಮಟ್ಟಿಗೆ ಆದೀತು?

ಗಡಿನಾಡು ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಯಾರಿಗಾದರೂ ಮಿದುಳಿನ ರಕ್ತನಾಳದಲ್ಲಿ ಅನ್ಯೂರಿಸಂ, ಅಂದರೆ ನಾಳದ ಗೋಡೆ ತೆಳುವಾಗಿ ಉಬ್ಬಿದ ಗುಳ್ಳೆ, ಇದೆ ಎಂದು ಸ್ಕ್ಯಾನಿನಲ್ಲಿ ಕಂಡರೆ ಮನೆಯವರ ಮೊದಲ ಪ್ರಶ್ನೆ, ಮಂಗಳೂರಿಗೋ ತಿರುವನಂತಪುರಕ್ಕೋ ಎಂಬುದು. ಈಚೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: “ಅಯಸ್ಕಾಂತದಲ್ಲಿ ಮಾಡುವ ಹೊಸ ಚಿಕಿತ್ಸೆ ಬಂದಿದೆಯಂತಲ್ಲ, ಅದಕ್ಕೆ ಕಾಯಬಹುದಾ?” ಕಾಯಬೇಡಿ. ಅಯಸ್ಕಾಂತ ಚೆನ್ನಾಗಿ ಮಾಡುವುದು ಕ್ಯಾಥೆಟರ್ ಎಂಬ ತೆಳು ಕೊಳವೆಗೆ ನಾಳದೊಳಗೆ ದಾರಿ ಹಿಡಿಸುವ ಕೆಲಸವನ್ನು. ಗುಳ್ಳೆಯನ್ನು ಮುಚ್ಚುವುದು ಇವತ್ತಿಗೂ ಕಾಯಿಲ್ (ಗುಳ್ಳೆಯೊಳಗೆ ತುಂಬುವ ತೆಳು ಲೋಹದ ಸುರುಳಿ) ಮತ್ತು ಸ್ಟೆಂಟ್ (ನಾಳದೊಳಗೆ ಇಡುವ ಜಾಲರಿ ಕೊಳವೆ). ಆದರೆ ಆ ದಾರಿ ಹಿಡಿಸುವ ಕೆಲಸವೂ ಸಣ್ಣದಲ್ಲ.

ಈಗ ಕೈಯಲ್ಲಿ ಮಾಡುವ ಕ್ರಮ ಹೀಗೆ. ತೊಡೆಯ ಸಂದಿಯ ಅಥವಾ ಮಣಿಕಟ್ಟಿನ ಅಪಧಮನಿಯಿಂದ ಸುಮಾರು 2 ಮಿಲಿಮೀಟರ್ ದಪ್ಪದ ಗೈಡ್ ಕ್ಯಾಥೆಟರನ್ನು ಕುತ್ತಿಗೆಯವರೆಗೆ ಏರಿಸುತ್ತಾರೆ. ಅದರೊಳಗಿಂದ ಮೈಕ್ರೋಕ್ಯಾಥೆಟರ್, ಅದರೊಳಗಿಂದ 0.014 ಇಂಚಿನ, ಅಂದರೆ ಸುಮಾರು 0.36 ಮಿಲಿಮೀಟರ್ ದಪ್ಪದ ಗೈಡ್‌ವಯರ್. ವಯರಿನ ತುದಿಯನ್ನು ವೈದ್ಯರು ಮೊದಲೇ ಬಾಗಿಸಿಕೊಳ್ಳುತ್ತಾರೆ; ಮೈಕ್ರೋಕ್ಯಾಥೆಟರಿನ ತುದಿಗೆ ಸಣ್ಣ ಕಂಬಿ ಹಾಕಿ ಹಬೆಯಲ್ಲಿ ಹಿಡಿದು ಆಕಾರ ಕೊಡುತ್ತಾರೆ. ಒಳಗೆ ಹೋದ ಮೇಲೆ ಆ ಆಕಾರ ಬದಲಾಗದು. ತಿರುವು ಒಗ್ಗದಿದ್ದರೆ ಹೊರಗೆಳೆದು ಮತ್ತೆ ಬಾಗಿಸಬೇಕು.

ಮನೆಯ ವಯರಿಂಗ್ ಮಾಡುವವರು ಗೋಡೆಯೊಳಗಿನ ಪೈಪಿಗೆ ಸ್ಪ್ರಿಂಗ್ ತೂರಿಸುವುದನ್ನು ನೋಡಿದವರಿಗೆ ಮುಂದಿನ ತೊಂದರೆ ಕೂಡಲೇ ತಿಳಿಯುತ್ತದೆ. ಒಂದೆರಡು ಬೆಂಡ್ ದಾಟುವವರೆಗೆ ತಳ್ಳಿದಷ್ಟೂ ಮುಂದೆ ಹೋಗುತ್ತದೆ. ಆಮೇಲೆ ತಳ್ಳಿದ್ದೆಲ್ಲ ಬೆಂಡಿನಲ್ಲೇ ಸುರುಳಿಯಾಗಿ ನಿಂತು, ಒಮ್ಮೆಲೇ ಮುಂದಕ್ಕೆ ಚಿಮ್ಮುತ್ತದೆ. ಕುತ್ತಿಗೆಯಿಂದ ಮಿದುಳಿಗೆ ಹೋಗುವ ಕೆರೋಟಿಡ್ ನಾಳ ತಲೆಬುರುಡೆಯ ಬುಡದಲ್ಲಿ ಹಾವಿನಂತೆ ಬಳುಕುವ ಜಾಗದಲ್ಲಿ ಆಗುವುದೂ ಇದೇ. ಆ ಚಿಮ್ಮುವಿಕೆ ಗುಳ್ಳೆಯ ತೆಳು ಗೋಡೆಗೆ ತಾಗಿದರೆ ತೂತು. ತೂತಾದಾಗ ಗಾಬರಿಯಿಂದ ಕ್ಯಾಥೆಟರ್ ಹಿಂದಕ್ಕೆಳೆದರೆ ರಕ್ತಸ್ರಾವ ಹೆಚ್ಚುತ್ತದೆ. ಅದನ್ನು ಅಲ್ಲೇ ಬಿಟ್ಟು, ರಕ್ತ ಹೆಪ್ಪುಗಟ್ಟದಂತೆ ಮೊದಲೇ ಕೊಟ್ಟ ಹೆಪಾರಿನ್‌ನ ಪರಿಣಾಮವನ್ನು ಪ್ರೋಟಮಿನ್‌ನಿಂದ ಇಳಿಸಿ, ಬೇಗ ಬೇಗ ಕಾಯಿಲ್ ತುಂಬಬೇಕು.

ಅಯಸ್ಕಾಂತದ ಬೆಲೆ ಇರುವುದು ಇಲ್ಲೇ. ತುದಿಯಲ್ಲಿ ಕಾಂತೀಯ ವಸ್ತು ಇದ್ದರೆ ಹೊರಗಿನ ಕಾಂತಕ್ಷೇತ್ರ ಯಾವ ಕಡೆಗೋ ತುದಿಯೂ ಆ ಕಡೆಗೆ ತಿರುಗುತ್ತದೆ. ಹೊರಗೆಳೆಯದೆಯೇ, ನಾಳದೊಳಗೆ ಇದ್ದಂತೆಯೇ, ಬಾಗು ಬದಲಿಸಬಹುದು. ಆದರೆ ಇದು ಎಳೆಯುವ ಬಲವಲ್ಲ, ತಿರುಗಿಸುವ ಬಲ. ಮುಂದಕ್ಕೆ ನೂಕಲು ಕೈ ಅಥವಾ ಮೋಟಾರು ಬೇಕೇ ಬೇಕು.

ಮಾರುಕಟ್ಟೆಯಲ್ಲಿ ಹೆಸರು ಮಾಡಿದ್ದು ಅಮೆರಿಕದ ಸ್ಟೀರಿಯೋಟ್ಯಾಕ್ಸಿಸ್ ಕಂಪೆನಿಯ ನಿಯೋಬಿ, ಆಮೇಲೆ 2020ರಲ್ಲಿ ಅಲ್ಲಿನ ಔಷಧ-ಉಪಕರಣ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅನುಮತಿ ಪಡೆದ ಜೆನೆಸಿಸ್. ಮೇಜಿನ ಎರಡೂ ಬದಿಗೆ ದೊಡ್ಡ ಶಾಶ್ವತ ಅಯಸ್ಕಾಂತಗಳು. ನಡುವೆ ಹುಟ್ಟುವ ಕ್ಷೇತ್ರ ಸುಮಾರು 0.1 ಟೆಸ್ಲಾ, ಅಂದರೆ ಸಾಮಾನ್ಯ 1.5 ಟೆಸ್ಲಾ ಎಂಆರ್‌ಐಯ ಹದಿನೈದನೇ ಒಂದು ಪಾಲು. ವೈದ್ಯರು ಬೇರೆ ಕೋಣೆಯಲ್ಲಿ ಕುಳಿತು ನಡೆಸುವುದರಿಂದ ಅವರ ಮೈಗೆ ಎಕ್ಸರೇ ತಾಗದು. ಆದರೆ ಇದು ಮುಖ್ಯವಾಗಿ ಹೃದಯದ ಬಡಿತದ ತಾಳ ತಪ್ಪಿದವರ ಚಿಕಿತ್ಸೆಗೆ ಬಳಕೆಯಾಗುವ ಯಂತ್ರ. ಶಾಶ್ವತ ಅಯಸ್ಕಾಂತವಾದ್ದರಿಂದ ಸ್ವಿಚ್ ಆರಿಸಿ ಬಿಡುವಂತಿಲ್ಲ. ಬದಿಗೆ ಸರಿಸಿ ಇಡಬೇಕು, ಕೋಣೆಗೆ ಕಾಂತರಕ್ಷಣೆ ಬೇಕು. ಮಿದುಳಿನ ಕೆಲಸಕ್ಕೆ ಎದುರಿಂದಲೂ ಪಕ್ಕದಿಂದಲೂ ಒಟ್ಟಿಗೇ ಚಿತ್ರ ತೆಗೆಯುವ ಬೈಪ್ಲೇನ್ ಯಂತ್ರ ಬೇಕು; ಬದಿಗಳಲ್ಲಿ ಅಯಸ್ಕಾಂತ ನಿಂತರೆ ಅದಕ್ಕೆ ಜಾಗ ಇಕ್ಕಟ್ಟು.

ಮಿದುಳಿಗೆಂದೇ ಹೊರಟದ್ದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಯರ್. 2019ರಲ್ಲಿ ಪ್ರಕಟವಾಯಿತು. ಬಾಗಿಸಿದರೂ ಮೊದಲ ಆಕಾರಕ್ಕೆ ಮರಳುವ ನಿಟಿನಾಲ್ ಲೋಹದ ತಿರುಳು, ಅದರ ಮೇಲೆ ಕಾಂತೀಯ ಕಣ ಬೆರೆಸಿದ ಮೆದು ಪಾಲಿಮರ್, ಹೊರಗೆ ಜಾರುವ ಹೈಡ್ರೋಜೆಲ್. 2022ರಲ್ಲಿ ಅದೇ ಗುಂಪು ಅಯಸ್ಕಾಂತವನ್ನು ರೋಬೋಟ್ ತೋಳಿಗೆ ಕಟ್ಟಿ ಜಾಯ್‌ಸ್ಟಿಕ್‌ನಿಂದ ನಡೆಸಿ ತೋರಿಸಿತು. ಕಲ್ಪನೆಯಾಗಿ ಇದು ನಮಗೆ ತುಂಬ ಹಿಡಿಸಿದೆ. ಎರಡು ದೊಡ್ಡ ಅಯಸ್ಕಾಂತಗಳ ಬದಲು ಒಂದೇ ತೋಳು ಸಾಕು.

2024ರಲ್ಲಿ ಸುದ್ದಿಯಾದದ್ದು ಎಡಿನ್‌ಬರೋ ಮತ್ತು ಶಾಂಘೈ ವಿಜ್ಞಾನಿಗಳ ಕಾಂತೀಯ ನ್ಯಾನೋ ಕಣಗಳು. ಗಾತ್ರ ಕೆಂಪು ರಕ್ತಕಣದ ಇಪ್ಪತ್ತನೇ ಒಂದು ಪಾಲಿನಷ್ಟು. ಒಳಗೆ ರಕ್ತ ಹೆಪ್ಪುಗಟ್ಟಿಸುವ ಔಷಧ, ಮೇಲೆ ನಿಗದಿತ ಬಿಸಿಗೆ ಕರಗುವ ಲೇಪ. ಅಯಸ್ಕಾಂತದಿಂದ ಗುಳ್ಳೆಯಲ್ಲಿ ಗುಂಪುಗೂಡಿಸಿ, ಬಿಸಿ ಮಾಡಿ, ಔಷಧ ಬಿಡಿಸುವುದು. ಪ್ರಯೋಗ ನಡೆದದ್ದು ಮೊಲಗಳ ಮೇಲೆ. ಮೊಲದಿಂದ ಮನುಷ್ಯನಿಗೆ ಬರುವಾಗ ಮೊದಲ ಅಡ್ಡಿ ದೂರ: ಅಯಸ್ಕಾಂತದಿಂದ ದೂರ ಇಮ್ಮಡಿಯಾದರೆ ಕ್ಷೇತ್ರ ಸುಮಾರು ಎಂಟನೇ ಒಂದಕ್ಕೆ, ಎಳೆಯುವ ಬಲ ಹದಿನಾರನೇ ಒಂದಕ್ಕೆ ಇಳಿಯುತ್ತದೆ. ದೊಡ್ಡವರ ತಲೆಯ ನಡುವಿನ ನಾಳ ಚರ್ಮದಿಂದ ಬಹಳ ಒಳಗಿದೆ. ಎರಡನೆಯದು, ಔಷಧ ಗುಳ್ಳೆಯಿಂದ ಮುಖ್ಯ ನಾಳಕ್ಕೆ ಸೋರಿದರೆ ಅದೇ ಪಾರ್ಶ್ವವಾಯುವಿಗೆ ಕಾರಣ. ಕಬ್ಬಿಣದ ಪುಡಿಯನ್ನು ಅಯಸ್ಕಾಂತದಿಂದ ಹಿಡಿದು ಗುಳ್ಳೆಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ರಯತ್ನ 1960ರ ದಶಕದಲ್ಲೇ ಅಮೆರಿಕದಲ್ಲಿ ನಡೆದಿತ್ತು ಎಂಬುದನ್ನೂ ನೆನಪಿಡಬೇಕು.

ಇವುಗಳ ಎದುರು ಹಳೆಯ ಕಾಯಿಲ್ ಗಟ್ಟಿಯಾಗಿ ನಿಲ್ಲುತ್ತದೆ. ಗುಲ್ಯೆಲ್ಮಿ ಎಂಬ ಇಟಲಿಯ ವೈದ್ಯರು ರೂಪಿಸಿದ, ವಿದ್ಯುತ್ತಿನಿಂದ ಕಳಚುವ ಪ್ಲಾಟಿನಂ ಕಾಯಿಲ್‌ಗೆ ಅಮೆರಿಕದಲ್ಲಿ 1995ರಲ್ಲಿ ಅನುಮತಿ ಸಿಕ್ಕಿತು. ಕಾಯಿಲನ್ನೂ ಶಸ್ತ್ರಕ್ರಿಯೆಯ ಕ್ಲಿಪ್ಪನ್ನೂ ಹೋಲಿಸಿ 2002ರಲ್ಲಿ ಪ್ರಕಟವಾದ ಐಸ್ಯಾಟ್ ಪರೀಕ್ಷೆಯಲ್ಲಿ ಒಡೆದ ಅನ್ಯೂರಿಸಂನ 2143 ರೋಗಿಗಳಿದ್ದರು. ಒಂದು ವರ್ಷದ ಹೊತ್ತಿಗೆ ಸತ್ತವರು ಅಥವಾ ಪರಾವಲಂಬಿಗಳಾದವರು ಕಾಯಿಲ್ ಗುಂಪಿನಲ್ಲಿ 23.7 ಶೇಕಡಾ, ತಲೆ ತೆರೆದು ಕ್ಲಿಪ್ ಹಾಕಿದವರಲ್ಲಿ 30.6 ಶೇಕಡಾ. ಕಾಯಿಲ್ ಗುಳ್ಳೆಯ ಒಳಜಾಗದ ನಾಲ್ಕನೇ ಒಂದು ಪಾಲು ತುಂಬಿದರೂ ಒಳ್ಳೆಯ ಕೆಲಸವೇ. ಉಳಿದದ್ದನ್ನು ಹೆಪ್ಪುಗಟ್ಟಿದ ರಕ್ತ ತುಂಬುತ್ತದೆ. ಗುಳ್ಳೆಯ ಕತ್ತು, ಅಂದರೆ ಅದು ನಾಳಕ್ಕೆ ತೆರೆಯುವ ಬಾಯಿ, 4 ಮಿಲಿಮೀಟರಿಗಿಂತ ಅಗಲವಾದರೆ ಕಾಯಿಲ್ ಜಾರಿ ನಾಳಕ್ಕೆ ಬರಬಹುದು, ಆಗ ಬಲೂನ್ ಅಥವಾ ಸ್ಟೆಂಟಿನ ಆಸರೆ ಬೇಕು.

ಅಗಲ ಕತ್ತಿನವಕ್ಕೆ ಫ್ಲೋ ಡೈವರ್ಟರ್ ಬಂದಿದೆ. ನಮ್ಮ ಅಡಿಕೆ ತೋಟದವರು ತೋಡಿಗೆ ಹಾಕುವ ಕಟ್ಟದಂತಲ್ಲ ಇದು, ನೀರನ್ನು ಪೂರ್ತಿ ತಡೆಯುವುದಿಲ್ಲ. ಸಣ್ಣ ಕಣ್ಣಿನ ಜಾಲರಿ ಗುಳ್ಳೆಯ ಬಾಯಿಗೆ ಅಡ್ಡ ಕೂತು ಹರಿವನ್ನು ಮುಖ್ಯ ನಾಳದಲ್ಲೇ ಇಡುತ್ತದೆ. ಒಳಗೆ ನಿಂತ ರಕ್ತ ತಿಂಗಳುಗಟ್ಟಲೆ ಹೆಪ್ಪುಗಟ್ಟುತ್ತ ಹೋಗುತ್ತದೆ. ಹಾಗಾಗಿ ಈಗಷ್ಟೇ ಒಡೆದ ಗುಳ್ಳೆಗೆ ಇದು ಮೊದಲ ಆಯ್ಕೆಯಲ್ಲ. ಜೊತೆಗೆ ಜಾಲರಿಯ ಮೇಲೆ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ಬೇಕು. ಬೆಲೆಯೂ ಭಾರ: 2020ರಲ್ಲಿ ಆಮದಿನದಕ್ಕೆ 7ರಿಂದ 8 ಲಕ್ಷ ರೂಪಾಯಿ. ಅದೇ ವರ್ಷ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ, ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನ ನಿಟಿನಾಲ್ ಬಳಸಿ, ನಮ್ಮದೇ ಫ್ಲೋ ಡೈವರ್ಟರ್ ರೂಪಿಸಿತು. ಆಗ ಅದು ಪ್ರಾಣಿಗಳ ಮೇಲಿನ ಪರೀಕ್ಷೆಗೆ ಸಿದ್ಧವಾಗಿತ್ತು. ಗಡಿನಾಡಿನವರಾಗಿ ನಾವು ಹೆಚ್ಚು ಆಸೆಯಿಂದ ನೋಡುವುದು ಅಯಸ್ಕಾಂತಕ್ಕಿಂತ ಇದನ್ನೇ.

ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್, ತಿರುವನಂತಪುರ 550ಕ್ಕೂ ಹೆಚ್ಚು. ಹಠಾತ್ತನೆ, ಜೀವನದಲ್ಲೇ ಕಂಡಿರದಂಥ ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಕಂಡರೆ ಗುಳ್ಳೆ ಒಡೆದಿರಬಹುದು; ಮಿದುಳಿನ ನಾಳದ ಚಿಕಿತ್ಸೆ ಮಾಡುವ ಹತ್ತಿರದ ನ್ಯೂರೋ ಕ್ಯಾತ್‌ಲ್ಯಾಬಿಗೇ ಹೋಗಬೇಕು. ಮತ್ತೆ ಒಡೆಯುವ ಅಪಾಯ ಮೊದಲ 24 ಗಂಟೆಗಳಲ್ಲೇ ಅತಿ ಹೆಚ್ಚು. ಒಡೆಯದ, ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡುವಾಗ ಕಂಡ ಗುಳ್ಳೆಗಾದರೆ ದೂರದ ಸಂಸ್ಥೆಯಲ್ಲಿ ಎರಡನೇ ಅಭಿಪ್ರಾಯ ಕೇಳಲು ಸಮಯವಿದೆ. ಆಗ ಕೇಳಬೇಕಾದದ್ದು: ಬೈಪ್ಲೇನ್ ಯಂತ್ರ ಇದೆಯೇ, ರಾತ್ರಿಯೂ ತಂಡ ಸಿಗುತ್ತದೆಯೇ, ಕಾಯಿಲ್‌ಗಳಿಗೆ ಒಂದೊಂದಕ್ಕೂ ಬೇರೆ ಬಿಲ್ಲೇ, ಆರು ತಿಂಗಳ ನಂತರದ ಆಂಜಿಯೋಗ್ರಾಂ ಖರ್ಚು ಅಂದಾಜಿನಲ್ಲಿ ಸೇರಿದೆಯೇ, ಕೇರಳದ ಆರೋಗ್ಯ ಕಾರ್ಡು ಗಡಿಯಾಚೆ ನಡೆಯುತ್ತದೆಯೇ. ವರದಿಯ ಕಾಗದ ಮಾತ್ರ ಸಾಲದು, ಸ್ಕ್ಯಾನಿನ ಸಿಡಿಯನ್ನೂ ಒಯ್ಯಿರಿ. ಪೇಸ್‌ಮೇಕರ್ ಅಥವಾ ಹಳೆಯ ಉಕ್ಕಿನ ಕ್ಲಿಪ್ ಇದ್ದರೆ ಮೊದಲೇ ಹೇಳಿ. ಸ್ಟೆಂಟ್ ಹಾಕಿದ ಮೇಲೆ ಹಲ್ಲು ಕೀಳಿಸಬೇಕಾಗಿ ಬಂದರೂ, ಸ್ಟೆಂಟ್ ಹಾಕಿದ ವೈದ್ಯರನ್ನು ಕೇಳದೆ ಕ್ಲೋಪಿಡೋಗ್ರೆಲ್ ಒಂದು ದಿನವೂ ನಿಲ್ಲಿಸಬೇಡಿ.