ಪುಟ್ಟ ಸೆಲ್ಲೋ, ದಹನ ಕೊಳವೆಯೋ? ನೆಲದಡಿಯ ಬೆಂಕಿಯ ಲೆಕ್ಕ

ಗುಜರಾತಿನ ಮೆಹ್ಸಾಣದ ಬಲೋಲ್, ಸಂಥಾಲ್‌ಗಳಲ್ಲಿ ಒಎನ್‌ಜಿಸಿ 1997ರಿಂದ ದೊಡ್ಡ ಪ್ರಮಾಣದಲ್ಲಿ ಮಾಡಿದ ಕೆಲಸ ಇದು: ಸುಮಾರು ಒಂದು ಕಿಲೋಮೀಟರ್ ಆಳದ ಮಂದ ತೈಲಕ್ಕೆ ಗಾಳಿ ನುಗ್ಗಿಸಿ, ಒಂದಷ್ಟನ್ನು ಅಲ್ಲೇ ಉರಿಸಿ ಉಳಿದದ್ದನ್ನು ಹರಿಸುವುದು. ಕಂಪ್ರೆಸರ್ ಕೊಳ್ಳುವ ಮೊದಲೇ ಗಾಳಿಯ ಲೆಕ್ಕ ಲ್ಯಾಬಿನಲ್ಲಿ ಸಿಗಬೇಕು.

ಅದಕ್ಕೆ ಎರಡು ಉಪಕರಣಗಳಿವೆ. ಮೊದಲನೆಯದು ಕೈನೆಟಿಕ್ ಸೆಲ್, ಅಂದರೆ ತೈಲ ಆಮ್ಲಜನಕದೊಡನೆ ವರ್ತಿಸುವ ವೇಗ ಅಳೆಯುವ ಪುಟ್ಟ ಪಾತ್ರೆ. ಇದಕ್ಕೆ ಕೆಲವೇ ಗ್ರಾಂ ತೈಲ ಸಾಕು. ನಿಮಿಷಕ್ಕೆ 1ರಿಂದ 5 ಡಿಗ್ರಿಯಂತೆ ಕಾಯಿಸಿ, ಕನಿಷ್ಠ ಮೂರು ವೇಗಗಳಲ್ಲಿ ಓಡಿಸಬೇಕು. 300 ಡಿಗ್ರಿಗಿಂತ ಕೆಳಗೆ ತೈಲ ಆಮ್ಲಜನಕ ಹೀರಿ ಇನ್ನಷ್ಟು ಗಟ್ಟಿಯಾಗುತ್ತದೆ. ನಿಜವಾದ ಉರಿ 350ರ ಆಚೆ. ತೊಳೆದ ಮರಳು ಬೇಡ, ಜೇಡಿ ಇರುವ ಬಾವಿಯ ಕಲ್ಲನ್ನೇ ಪುಡಿಮಾಡಿ ಹಾಕಿ. ಉರಿಗೆ ಇಂಧನವಾಗುವ, ತೈಲ ಕಾದು ಉಳಿಯುವ ಇಂಗಾಲದ ಕಿಟ್ಟ ಜೇಡಿಯ ಮೇಲ್ಮೈಯಲ್ಲಿ ಹೆಚ್ಚು ಕೂರುತ್ತದೆ.

ಆದರೆ ಸೆಲ್ಲಿನಲ್ಲಿ ಬೆಂಕಿ ನಡೆಯುವುದಿಲ್ಲ. ಅದಕ್ಕೆ ದಹನ ಕೊಳವೆಯೇ ಬೇಕು: 10 ಸೆಂ.ಮೀ. ವ್ಯಾಸದ ತೆಳು ಸ್ಟೀಲ್ ಕೊಳವೆ, ಸುತ್ತ ಹೀಟರ್‌ಗಳು, ಹೊರಗೆ ಒತ್ತಡದ ಕವಚ. ಮರಳು, ತೈಲ, ನೀರು ಕಲಸಿ ತೆಳು ಪದರಗಳಾಗಿ ಕುಟ್ಟಿ ತುಂಬಬೇಕು. ಸಡಿಲವಿದ್ದಲ್ಲಿ ಗಾಳಿ ದಾರಿ ಮಾಡಿಕೊಳ್ಳುತ್ತದೆ. ತುದಿಗೆ ತುಸು ಅಗಸೆ ಎಣ್ಣೆ ಹಾಕಿದರೆ ಬೇಗ ಹೊತ್ತಿಕೊಳ್ಳುತ್ತದೆ. ಕಾಯುವವರೆಗೆ ನೈಟ್ರೋಜನ್, ಆಮೇಲೆ ಗಾಳಿ.

ಅಡ್ಡಕೊಯ್ತದ ಚದರ ಮೀಟರಿಗೆ ಗಂಟೆಗೆ 30 ಘನ ಮೀಟರ್ ಗಾಳಿ ಎಂದರೆ ಈ ಕೊಳವೆಗೆ ನಿಮಿಷಕ್ಕೆ ಸುಮಾರು 4 ಲೀಟರ್. ಘನ ಮೀಟರ್ ಮರಳಿಗೆ 300 ಘನ ಮೀಟರ್ ಗಾಳಿ ಹಿಡಿದರೆ ಉರಿ ಗಂಟೆಗೆ 10 ಸೆಂ.ಮೀ. ಸಾಗುತ್ತದೆ. ಕೆಡುವುದು ಹೆಚ್ಚಾಗಿ ಹೀಟರ್‌ಗಳಲ್ಲಿ. ಅವು ಕೊಳವೆಯ ನಡುವಿನ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ತೋರಿಸುವುದಕ್ಕಿಂತ ಬಿಸಿಯಾದರೆ ಸಾಯಬೇಕಾದ ಉರಿಯನ್ನೂ ಬದುಕಿಸಿ ಸುಳ್ಳು ಹೇಳುತ್ತವೆ. ಕೆಲವು ಡಿಗ್ರಿ ಕೆಳಗೇ ಇಡಿ.

ಹೊಗೆಯ ವಿಶ್ಲೇಷಣೆ ನೋಡಿ: ಇಂಗಾಲದ ಡೈಆಕ್ಸೈಡ್ 13, ಮೊನಾಕ್ಸೈಡ್ 4, ಆಮ್ಲಜನಕ 1, ನೈಟ್ರೋಜನ್ 82 ಶೇಕಡಾ ಇದ್ದರೆ ಇಂಧನದ ಹೈಡ್ರೋಜನ್-ಇಂಗಾಲ ಅನುಪಾತ ಸುಮಾರು 1.4. ಅದು 3 ದಾಟಿದರೆ ಉರಿ ತಣ್ಣಗಿದೆ, ಆಮ್ಲಜನಕ ತೈಲಕ್ಕೇ ಅಂಟುತ್ತಿದೆ ಎಂದರ್ಥ.

ಗಾಳಿ ಮೇಲೇರಿ ತೈಲವನ್ನು ದಾಟಿಹೋಗುವುದನ್ನು ಕೊಳವೆ ತೋರಿಸದು. ಅದಕ್ಕೆ ಮೂರು ಆಯಾಮದ ಪೆಟ್ಟಿಗೆ ಬೇಕು. ಅಲ್ಲಿ ಅಳತೆ ಕುಗ್ಗಿದಷ್ಟು ಮರಳಿನ ಪಾರಗಮ್ಯತೆ (ದ್ರವ, ಅನಿಲಗಳನ್ನು ಹಾಯಗೊಡುವ ಗುಣ) ಹೆಚ್ಚಿಸಬಹುದು, ರಾಸಾಯನಿಕ ಕ್ರಿಯೆಯ ವೇಗವನ್ನು ಮಾತ್ರ ಹಾಗೆ ಹೊಂದಿಸಲಾಗದು.

ಒಂದಕ್ಕೇ ಹಣವಿದ್ದರೆ ಕೊಳವೆಗೇ ನಮ್ಮ ಮತ. ಸೆಲ್ಲಿನ ಅಂಕಿಗಳನ್ನು ನೇರವಾಗಿ ತೈಲಪದರದ ಕಂಪ್ಯೂಟರ್ ಮಾದರಿಯ 5 ಮೀಟರ್ ಚೌಕಗಳ ಗ್ರಿಡ್‌ಗೆ ಹಾಕಬೇಡಿ: ಕೆಲವೇ ಸೆಂ.ಮೀ. ದಪ್ಪದ ಉರಿಯ ಬಿಸಿ ಇಡೀ ಚೌಕಕ್ಕೆ ಹರಡಿ, ಮಾದರಿಯಲ್ಲಿ ಬೆಂಕಿ ಆರಿಹೋಗುತ್ತದೆ. ಕೊಳವೆಯಲ್ಲಿ ಅಳೆದ ಇಂಧನದ ಪ್ರಮಾಣವನ್ನೇ ಅಲ್ಲಿ ಕೊಡಿ.