ಬೆಟ್ಟದೂರಲ್ಲಿ ಮನೆ ಕೊಳ್ಳೋರು ಮಳೆಗಾಲದಲ್ಲಿ ಒಮ್ಮೆ ಹೋಗಿ ಬನ್ನಿ

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ನಮ್ಮದು ಹತ್ತಿರ ಹೋಗಿ ನಿಂತಾಗಲೂ ನುಣ್ಣಗೇ ಇತ್ತು. ವಾರದ ಹಿಂದಷ್ಟೇ ಬಣ್ಣ ಬಳಿದಿದ್ದರು.

ಒಂದೇ ಬೆಟ್ಟಕ್ಕೆ ಎರಡು ಕಡೆಯಿಂದ ಒರಗಿಕೊಂಡ ಎರಡು ಊರುಗಳು. ಹೆಸರು ಬೇಡ, ಈಚೆಯೂರು ಮತ್ತು ಆಚೆಯೂರು ಅಂದುಕೊಳ್ಳಿ. ನಕ್ಷೆಯಲ್ಲಿ ನಡುವೆ 4 ಕಿಲೋಮೀಟರ್, ತಿರುವು ಸುತ್ತಿ ಹೋಗುವ ರಸ್ತೆಯಲ್ಲಿ 14. ಆಚೆಯೂರಲ್ಲಿ ನೋಡಿದ ಮನೆ ಹಳೆಯದು, ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ಈಚೆಯೂರಿನದು ಹೊಸದು, ದೊಡ್ಡದು, ಬಾಲ್ಕನಿಯಲ್ಲಿ ನಿಂತರೆ ಇಡೀ ಕಣಿವೆ ಕಾಲಡಿಗೆ. ಬೆಲೆ ಮಾತ್ರ ಆಚೆಯೂರಿಗಿಂತ ಕಾಲು ಭಾಗ ಕಡಿಮೆ. "ಯಾಕೆ ಕಡಿಮೆ?" ಅಂತ ನನ್ನಾಕೆ ಕೇಳಿದಳು. "ನಮ್ಮ ಅದೃಷ್ಟ ಕಣೇ" ಅಂದೆ. ಆ ಮಾತನ್ನು ಅವಳು ಇವತ್ತಿಗೂ ಎತ್ತಿ ಆಡುತ್ತಾಳೆ, ಆಡಲಿ.

ನನ್ನ ಲೆಕ್ಕ ಇದ್ದದ್ದು ಎತ್ತರದ ಮೇಲೆ. 1,000 ಮೀಟರ್ ಮೇಲೇರಿದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ತಣ್ಣಗಾಗುತ್ತದೆ ಅಂತ ಓದಿಕೊಂಡಿದ್ದೆ. ಎರಡೂ ಊರು ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿವೆ, ಹಾಗಾದರೆ ಹವೆಯೂ ಒಂದೇ, ಮುಗಿಯಿತಲ್ಲ! ಬೆಟ್ಟದ ಯಾವ ಮಗ್ಗುಲಲ್ಲಿ ಮನೆಯಿದೆ, ಅದು ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನೋದು ತಲೆಗೇ ಬರಲಿಲ್ಲ. ತೇವ ಹೊತ್ತ ಗಾಳಿ ಬೆಟ್ಟದ ಒಂದು ಮಗ್ಗುಲಿಗೆ ಬಂದು ಡಿಕ್ಕಿ ಹೊಡೆದು ಮೇಲೇರುತ್ತದೆ, ಏರುತ್ತ ತಣ್ಣಗಾಗಿ ಹೊತ್ತದ್ದನ್ನೆಲ್ಲ ಅಲ್ಲೇ ಸುರಿಯುತ್ತದೆ. ನೆತ್ತಿ ದಾಟಿ ಆಚೆ ಇಳಿಯುವಾಗ ಅದೇ ಗಾಳಿ ಬೆಚ್ಚಗಾಗಿ ಒಣಗಿರುತ್ತದೆ. ಸುರಿಯುವ ಮಗ್ಗುಲು ನಮ್ಮದು. ನಾವು ಮನೆ ನೋಡಲು ಹೋದದ್ದು ಎರಡು ಸಲ, ಎರಡೂ ಸಲ ಬಿಸಿಲುಗಾಲದಲ್ಲಿ.

ಮೊದಲ ಮಳೆಗಾಲದಲ್ಲಿ ಬೀರುವಿನ ಹಿಂದಿನ ಗೋಡೆಗೆ ಬೂಷ್ಟು ಹಿಡಿಯಿತು. ಚರ್ಮದ ಚೀಲ ಹಸಿರಾಯಿತು. ಬಟ್ಟೆ ಒಣಗುವುದಿರಲಿ, ಒಣಗಿದ್ದ ಬಟ್ಟೆ ಕಪಾಟಿನಲ್ಲೇ ಒದ್ದೆಯಾಗುತ್ತಿತ್ತು. ಬಾಲ್ಕನಿಯ ಕಣಿವೆ ಎಷ್ಟೋ ವಾರ ಕಾಣಲೇ ಇಲ್ಲ, ರೇಲಿಂಗಿನ ಆಚೆ ಬರೀ ಬಿಳಿ. ಒಂದು ದಿನ ಬೇಸತ್ತು ಆಚೆಯೂರಿಗೆ ಗಾಡಿ ತೆಗೆದುಕೊಂಡು ಹೋದೆ. ನೆತ್ತಿ ದಾಟಿ ನಾಲ್ಕು ತಿರುವು ಇಳಿಯುವಷ್ಟರಲ್ಲಿ ವೈಪರ್ ನಿಲ್ಲಿಸಬೇಕಾಯಿತು. ಅಲ್ಲಿ ಜನ ಕೊಡೆ ಮಡಚಿ ಕಂಕುಳಲ್ಲಿಟ್ಟುಕೊಂಡು ಓಡಾಡುತ್ತಿದ್ದರು.

ಮಳೆ ಹೋದ ಮೇಲೆ ಚಳಿಗಾಲ ಬೇರೆ ಪಾಠ ಕಲಿಸಿತು. ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿಗೆ ಚಳಿಗಾಲದಲ್ಲಿ ಬಿಸಿಲು ಕಮ್ಮಿ, ದಕ್ಷಿಣ ಗೋಳಾರ್ಧದಲ್ಲಿ ತದ್ವಿರುದ್ಧ. ನಮ್ಮದು ಉತ್ತರಕ್ಕಿತ್ತು. ಮಧ್ಯಾಹ್ನ ಎರಡಕ್ಕೆಲ್ಲ ಸೂರ್ಯ ಬೆಟ್ಟದ ಹಿಂದೆ ಹೋಗಿಬಿಡುತ್ತಿದ್ದ. ಏಜೆಂಟು ಎರಡು ಸಲವೂ ಬೆಳಗ್ಗೆ 11ಕ್ಕೇ ಕರೆದುಕೊಂಡು ಹೋಗಿದ್ದು ಯಾಕೆ ಅಂತ ಆಗ ಹೊಳೆಯಿತು. ಇಟಲಿಯ ವಿಗನೆಲ್ಲಾ ಅನ್ನೋ ಹಳ್ಳಿಗೆ ನವೆಂಬರ್ ಮಧ್ಯದಿಂದ ಫೆಬ್ರವರಿ ಆರಂಭದವರೆಗೆ ಬಿಸಿಲೇ ಬೀಳುವುದಿಲ್ಲವಂತೆ. 2006ರಲ್ಲಿ ಅವರು ಎದುರು ಬೆಟ್ಟದ ಮೇಲೆ ದೊಡ್ಡ ಕನ್ನಡಿ ನಿಲ್ಲಿಸಿ ಊರ ಚೌಕಕ್ಕೆ ಬಿಸಿಲು ತರಿಸಿಕೊಂಡರು. ಓದಿ ನಕ್ಕೆ, ಆಮೇಲೆ ಅಷ್ಟೇನೂ ನಗು ಬರಲಿಲ್ಲ.

ಇವೆಲ್ಲ ಸಹಿಸಬಹುದಾದ ಕಷ್ಟಗಳು. ಕುತ್ತಿಗೆಗೆ ಬಂದದ್ದು ಮಣ್ಣು.

ಎರಡನೇ ಮಳೆಗಾಲ ಶುರುವಾಗಿ ಮೂರು ವಾರಕ್ಕೆ ಮಲಗುವ ಕೋಣೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಹಾಕಿಕೊಳ್ಳತೊಡಗಿತು. ಮರ ಉಬ್ಬಿದೆ ಅಂದುಕೊಂಡು ಬಡಗಿಯನ್ನು ಕರೆಸಿ ಉಜ್ಜಿಸಿದೆ. ಹತ್ತು ದಿನಕ್ಕೆ ಮತ್ತೆ ಅದೇ. ಆಗಲೇ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೊರಟ ಕೂದಲಿನಂಥ ಬಿರುಕು ಕಂಡದ್ದು. ಗಾರೆ ಕೆಲಸದವರು ನೋಡಿ, "ಪ್ಲಾಸ್ಟರಿನದೋ ಗೋಡೆಯದೋ ನೋಡೋಣ ತಾಳಿ ಸಾರ್" ಅಂದು ಬಿರುಕಿನ ಅಡ್ಡಕ್ಕೆ ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿ, ಬಿರುಕಿನ ತುದಿಗೆ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಖು ಬರೆದರು. ಗೋಡೆ ಅಲುಗಾಡದಿದ್ದರೆ ಗಾಜು ಹಾಗೇ ಇರುತ್ತದೆ. ಹತ್ತೊಂಬತ್ತನೇ ದಿನ ರಾತ್ರಿ 'ಟಿಕ್' ಅಂದಿತು. ಟಾರ್ಚ್ ಹಿಡಿದು ನೋಡಿದರೆ ಪಟ್ಟಿ ನಡುವಿಗೆ ಎರಡು ತುಂಡು.

ವಿಷಯ ಹೊರಬಿದ್ದದ್ದು ಕೆಳಗಿನ ಮನೆಯ ಅಜ್ಜನಿಂದ. ಇಳಿಜಾರನ್ನು ಒಂದು ಕಡೆ ಕಡಿದು, ಆ ಮಣ್ಣನ್ನೇ ಇನ್ನೊಂದು ಕಡೆ ಸುರಿದು ಸಮ ಮಾಡಿ ಮನೆ ಕಟ್ಟಿದ್ದರಂತೆ. ಅರ್ಧ ಮನೆ ಗಟ್ಟಿ ನೆಲದ ಮೇಲೆ, ಅರ್ಧ ಸುರಿದ ಮಣ್ಣಿನ ಮೇಲೆ. ಪದರ ಪದರವಾಗಿ ದಮ್ಮಸು ಮಾಡದ ಮಣ್ಣು ನೀರು ಕುಡಿದಾಗಲೆಲ್ಲ ಕೂರುತ್ತದೆ, ಗಟ್ಟಿ ನೆಲ ಕೂರುವುದಿಲ್ಲ. ನಡುವೆ ಮನೆ ಸೀಳದೆ ಇನ್ನೇನು ಮಾಡೀತು? "ಟ್ರಕ್ಕಲ್ಲಿ ತಂದು ಸುರಿದದ್ದೂ ಉಂಟು ಮಾರಾಯ್ರೇ, ನಾನೇ ನೋಡಿದ್ದೇನೆ" ಅಂದರು. ಮೊದಲೇ ಯಾಕೆ ಹೇಳಲಿಲ್ಲ ಅಜ್ಜ ಅಂದರೆ, "ನೀವು ಕೇಳಲಿಲ್ಲವಲ್ಲ."

ನಿಜ. ಬ್ಯಾಂಕು, ದಾಖಲೆ, ವಕೀಲರು ಅಂತ ಓಡಾಡಿದ್ದೆವು. ಹತ್ತು ಹೆಜ್ಜೆ ಇಳಿದು ಆ ಮನೆಯ ಬಾಗಿಲು ತಟ್ಟಿರಲಿಲ್ಲ.

ತಡೆಗೋಡೆಯದು ಇನ್ನೊಂದು ಕಥೆ. ದರೆಗೆ ಕಟ್ಟಿದ ಗೋಡೆಯಲ್ಲಿ ಅಲ್ಲಲ್ಲಿ ತೂತು ಬಿಟ್ಟಿರಬೇಕು, ಹಿಂದಿನ ಮಣ್ಣಿನ ನೀರು ಅದರಿಂದ ಹೊರಬರಲಿ ಅಂತ. ನೀರು ಹಿಂದೆ ಕಟ್ಟಿಕೊಂಡರೆ ಪ್ರತಿ ಮೀಟರ್ ಆಳಕ್ಕೆ ಚದರ ಮೀಟರಿಗೆ ಸುಮಾರು ಒಂದು ಟನ್ನಿನಂತೆ ಒತ್ತಡ ಏರುತ್ತ ಹೋಗುತ್ತದೆ. ನಮ್ಮ ತಡೆಗೋಡೆಯ ತೂತುಗಳಿಗೆ ಸಿಮೆಂಟು ಮೆತ್ತಿ ಚಂದವಾಗಿ ಬಣ್ಣ ಬಳಿದಿದ್ದರು. ತೂತಿಂದ ಇಳಿಯುವ ಕಂದು ಕಲೆ ಕೊಳ್ಳುವವರ ಕಣ್ಣಿಗೆ ಬೀಳಬಾರದಲ್ಲ! ಗಾರೆಯವರು ಡ್ರಿಲ್ ಹಿಡಿದು ಒಂದನ್ನು ಬಿಡಿಸಿದಾಗ ಕೆಂಪು ನೀರು ಅವರ ಎದೆಗೇ ಚಿಮ್ಮಿತು. ಗೋಡೆ ಅಷ್ಟರಲ್ಲೇ ಮುಂದಕ್ಕೆ ಹೊಟ್ಟೆ ಬಿಟ್ಟಿತ್ತು.

ಬೆಟ್ಟ ತಾನಾಗಿ ಹೇಳುತ್ತಿದ್ದುದೂ ಇತ್ತು, ನಮಗೆ ಓದಲು ಬರಲಿಲ್ಲ. ಮನೆಯ ಮೇಲಿನ ಇಳಿಜಾರಿನ ಮರಗಳೆಲ್ಲ ಬುಡದಲ್ಲಿ ಬಾಗಿ ಆಮೇಲೆ ನೆಟ್ಟಗಾಗಿದ್ದವು. ಫೋಟೋ ತೆಗೆದು ಚಂದ ಅಂದಿದ್ದೆವು. ಒಂದೆರಡು ಮರವಾದರೆ ಬೇರೆ ಕಾರಣ ಇರಬಹುದು. ಇಡೀ ಗುಡ್ಡದ ಮರಗಳು ಹಾಗಿದ್ದು, ವಿದ್ಯುತ್ ಕಂಬಗಳೂ ಓರೆಯಾಗಿ, ಒಂದು ತಂತಿ ಬಿಗಿದು ಮುಂದಿನದು ಜೋತುಬಿದ್ದಿದ್ದರೆ ಮಣ್ಣು ನಿಧಾನಕ್ಕೆ ಜಾರುತ್ತಿರಬಹುದು ಅಂತ ಅನುಮಾನಪಡಬೇಕು. ಉತ್ತರಾಖಂಡದ ಬೆಟ್ಟದೂರು ಜೋಶಿಮಠ ನಿಂತಿರುವುದು ಹಳೆಯ ಭೂಕುಸಿತದ ರಾಶಿಯ ಮೇಲೆ ಅಂತ ಸರ್ಕಾರ ನೇಮಿಸಿದ್ದ ಮಿಶ್ರಾ ಸಮಿತಿ 1976ರಲ್ಲೇ ಹೇಳಿತ್ತು. 2023ರ ಜನವರಿಯಲ್ಲಿ ನೂರಾರು ಮನೆಗಳು ಬಿರುಕು ಬಿಟ್ಟಾಗ ಎಲ್ಲರಿಗೂ ಅದು ನೆನಪಾಯಿತು.

ಅತ್ತೆಗೆ ಒಂದು ರಾತ್ರಿ ಉಬ್ಬಸ ಜೋರಾದಾಗ ಆಸ್ಪತ್ರೆ ಇದ್ದದ್ದು ಆಚೆಯೂರಲ್ಲಿ. ಹಗಲು 35 ನಿಮಿಷದ ದಾರಿ ಮಂಜಿನಲ್ಲಿ ಒಂದೂಮುಕ್ಕಾಲು ಗಂಟೆ ಹಿಡಿಯಿತು. ರಸ್ತೆಯ ಅಂಚು ಕಾಣದೆ ನನ್ನಾಕೆ ಕಿಟಕಿಯಿಂದ ತಲೆ ಹೊರಹಾಕಿ ದಾರಿ ಹೇಳುತ್ತಿದ್ದಳು. ಅಲ್ಲಿಂದ ವಾಪಸು ಬಂದ ವಾರವೇ ಆಚೆಯೂರಲ್ಲಿ ಬಾಡಿಗೆ ಮನೆ ಹುಡುಕಿದೆವು. ಅದರ ಕಿಟಕಿಯಿಂದಲೂ ಪಕ್ಕದ ಮನೆಯ ಗೋಡೆಯೇ ಕಾಣುತ್ತದೆ, ಒಣಗಿದ ಗೋಡೆ.

ಅಕ್ಕಪಕ್ಕದ ಎರಡು ಊರುಗಳ ನಡುವೆ ತೂಗಿ ನೋಡುತ್ತಿರುವವರು ದಯವಿಟ್ಟು ಎರಡೂ ಕಡೆ ಒಂದೊಂದು ವಾರ ಬಾಡಿಗೆಗೆ ಇದ್ದು ನೋಡಿ, ಅದೂ ಅತಿ ಕೆಟ್ಟ ಹವೆಯ ವಾರದಲ್ಲಿ. ಮನೆಯನ್ನು ಸಂಜೆಯೂ ನೋಡಿ. ಮಣ್ಣು ಪರೀಕ್ಷಿಸುವ ಇಂಜಿನಿಯರನ್ನು ನೀವೇ ಕರೆದೊಯ್ಯಿರಿ, ಮಾರುವವರು ತೋರಿಸಿದವರನ್ನಲ್ಲ. ಬೆಲೆ ಕಡಿಮೆ ಇದ್ದರೆ ಕೆಳಗಿನ ಮನೆಯವರನ್ನು ಕೇಳಿ.

ನಮ್ಮದು ಇನ್ನೂ ಮಾರಾಟವಾಗಿಲ್ಲ. ಬಂದವರಿಗೆಲ್ಲ ಇದ್ದದ್ದು ಇದ್ದಹಾಗೆ ಹೇಳುತ್ತೇವೆ, ಅವರು ಬಾಲ್ಕನಿಯಲ್ಲಿ ಒಂದು ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಮೊನ್ನೆ ಅದೇ ಏಜೆಂಟು ಫೋನ್ ಮಾಡಿದ್ದ. "ಸಾರ್, ಒಂದು ಕೋಟ್ ಬಣ್ಣ ಹೊಡೆಸಿಬಿಡಿ, ಬೇಸಿಗೆಯಲ್ಲಿ ತೋರಿಸೋಣ" ಅಂದ. ಬಣ್ಣ ಹೊಡೆಸಿಲ್ಲ. ಕಿಟಕಿಯ ಮೂಲೆಯಲ್ಲಿ ಪೆನ್ಸಿಲ್ ಗೆರೆಗಳು ಹಾಗೇ ಇವೆ, ಪಕ್ಕದ ತಾರೀಖುಗಳು ಈಗ ಏಳಾಗಿವೆ.