ಪೋರ್ಟ್ ಗೂಡಿನ ವರ್ಷದ ಲೆಕ್ಕ: ಯಾವುದು ಮಲಗಲಿ, ಯಾವುದು ನಿಲ್ಲಲಿ

ಪೋರ್ಟ್ ಎಂಬ ಸಿಹಿಯಾದ, ಗಟ್ಟಿ ವೈನಿನ ಬಾಟಲಿಗಳ ಗೂಡನ್ನು ವರ್ಷಕ್ಕೊಮ್ಮೆ ಖಾಲಿ ಮಾಡಿ ಮತ್ತೆ ಜೋಡಿಸುವಾಗ ಎರಡು ಗುಂಪು ತಾನಾಗಿಯೇ ಆಗುತ್ತದೆ: ಮಲಗಿಸಬೇಕಾದವು, ನಿಲ್ಲಿಸಬೇಕಾದವು. ಈ ವರ್ಷ ತೆರೆದವುಗಳಲ್ಲಿ ಸಪ್ಪೆ ಎನಿಸಿದ್ದೆಲ್ಲ ಈ ಎರಡು ಗುಂಪು ಅದಲುಬದಲಾದ ಬಾಟಲಿಗಳೇ. ವೈನಿನದು ತಪ್ಪಿಲ್ಲ.

ಪೋರ್ಚುಗಲ್ಲಿನ ಡೋರು ಕಣಿವೆಯಲ್ಲಿ ದ್ರಾಕ್ಷಿರಸ ಅರ್ಧ ಹುದುಗುವಷ್ಟರಲ್ಲಿ ಅದಕ್ಕೆ 77 ಶೇಕಡ ಮದ್ಯಸಾರದ ದ್ರಾಕ್ಷಿ ಸಾರಾಯಿ ಬೆರೆಸುತ್ತಾರೆ. ಲೆಕ್ಕ ಹೆಚ್ಚುಕಡಿಮೆ 435 ಲೀಟರ್ ರಸಕ್ಕೆ 115 ಲೀಟರ್, ಅಂದರೆ 550 ಲೀಟರಿನ ಒಂದು ಪೀಪಾಯಿ. ಹುದುಗುವಿಕೆ ಅಲ್ಲಿಗೇ ನಿಂತು ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ ಉಳಿದುಬಿಡುತ್ತದೆ. ಇಲ್ಲಿಯವರೆಗೆ ಎಲ್ಲ ಕೆಂಪು ಪೋರ್ಟೂ ಒಂದೇ. ಆಮೇಲೆ ಒಂದು ದಾರಿ ಮರಕ್ಕೆ, ಇನ್ನೊಂದು ಗಾಜಿಗೆ. ಟಾನಿ ಮತ್ತು ಕೊಲ್ಯೇಟಾ ಎಂಬ ಬಗೆಗಳು ಪೀಪಾಯಿಯಲ್ಲೇ ಮಾಗಿ, ಬಾಟಲಿಗೆ ಬಂದ ದಿನವೇ ಕುಡಿಯಲು ತಯಾರು. ಒಳ್ಳೆಯ ವರ್ಷದ ಒಂದೇ ಕೊಯ್ಲಿನಿಂದ ಮಾಡುವ ವಿಂಟೇಜ್ ಎರಡು ಮೂರು ವರ್ಷಕ್ಕೇ ಬಾಟಲಿ ಸೇರಿ, ಅಲ್ಲೇ ಗಸಿ ಬಿಡುತ್ತ ದಶಕಗಟ್ಟಲೆ ಮಾಗಬೇಕು.

ಮೊದಲು ಮಲಗಿದವು, ಅಂದರೆ ವಿಂಟೇಜ್. 2011ರ ಕೊಯ್ಲಿನದು ಈಗಲೂ ಕತ್ತಲೆಯಂತೆ ಕಪ್ಪು. ಡೌಸ್ ಎಂಬ ಪೋರ್ಟ್ ತಯಾರಕ ಮನೆಯ 2011 ಅನ್ನು ವೈನ್ ಸ್ಪೆಕ್ಟೇಟರ್ ಪತ್ರಿಕೆ 2014ರಲ್ಲಿ ವರ್ಷದ ವೈನ್ ಎಂದು ಆರಿಸಿತ್ತು. ಆ ಹೆಸರಿಗೆ ಮರುಳಾಗಿ ಈಗಲೇ ಬಿರಡೆ ಕಿತ್ತರೆ ಸಿಗುವುದು ನೇರಳೆ ಹಣ್ಣಿನ ಒಗರು, ಅದರ ಹಿಂದೆ ಎಲ್ಲೋ ಅಡಗಿದ ಸಿಹಿ. ಆರು ಗಂಟೆ ಗಾಳಿಗಿಟ್ಟರೂ ಪೂರ್ತಿ ಬಾಯಿ ಬಿಡುವುದಿಲ್ಲ. ಇನ್ನೂ ಹತ್ತು ವರ್ಷ ಮಲಗಲಿ. 2016, 2017 ಎರಡನ್ನೂ ಬಹುತೇಕ ಮನೆಗಳು ಬೆನ್ನುಬೆನ್ನಿಗೆ ವಿಂಟೇಜ್ ಎಂದು ಘೋಷಿಸಿದ್ದು ಅಪರೂಪ. ಅವನ್ನು ಮುಟ್ಟಲೇಬೇಡಿ.

ಈಗ ಸರಿಯಾದ ಹದದಲ್ಲಿರುವುದು 1994. ಎರಡು ಮನೆಗಳಲ್ಲಿ ಟೇಲರ್ಸ್ ಬಿಗಿ, ನೇರ, ಹೂವಿನ ಕಂಪು ಮುಂದೆ. ಫೊನ್ಸೆಕಾ ಮೈತುಂಬಿಕೊಂಡದ್ದು, ಅಂಜೂರ ಮತ್ತು ಜೋನಿಬೆಲ್ಲದ ಕಡೆಗೆ ವಾಲುತ್ತದೆ. ಒಂದನ್ನೇ ಆರಿಸಬೇಕೆಂದರೆ ನಮ್ಮ ಮತ ಫೊನ್ಸೆಕಾಗೆ. ಊಟವಾದ ಮೇಲೆ ಯಾರಿಗೂ ಬಿಗಿತನ ಬೇಕಿರುವುದಿಲ್ಲ. 1985 ಮಾತ್ರ ಲಾಟರಿ: ಒಂದೇ ಪೆಟ್ಟಿಗೆಯ ಎರಡು ಬಾಟಲಿ ಎರಡು ಥರ. ಹರಾಜಿನಲ್ಲಿ ಹಳೆಯದನ್ನು ಕೊಳ್ಳುವವರು ಹೆಸರಿಗಿಂತ ಮೊದಲು ಮಟ್ಟ ನೋಡಬೇಕು. ನಲವತ್ತು ವರ್ಷದ ಬಾಟಲಿಯಲ್ಲಿ ವೈನ್ ಕತ್ತಿನ ಬುಡದವರೆಗೆ ಇದ್ದರೆ ಸರಿ. ಭುಜಕ್ಕಿಂತ ಕೆಳಗಿಳಿದಿದ್ದು, ಮುಚ್ಚಳದ ಅಂಚಿನಲ್ಲಿ ಅಂಟಂಟು ಕಲೆಯೂ ಇದ್ದರೆ ಬಿರಡೆ ಸೋರಿದೆ ಎಂದೇ ಅರ್ಥ, ಬಿಟ್ಟುಬಿಡಿ.

ಹಳೆಯ ವಿಂಟೇಜ್ ಹಾಳಾಗುವುದು ಹೆಚ್ಚಾಗಿ ತೆರೆಯುವ ಅರ್ಧ ಗಂಟೆಯಲ್ಲಿ. ಎರಡು ದಿನ ಮೊದಲೇ ಎತ್ತಿ ನಿಲ್ಲಿಸಿ, ಗಸಿ ತಳಕ್ಕಿಳಿಯಲಿ. ಪೋರ್ಟ್ ಬಾಟಲಿಯ ಕತ್ತು ನಡುವೆ ತುಸು ಉಬ್ಬಿರುತ್ತದೆ. ಉದ್ದನೆಯ ಬಿರಡೆ ಆ ಉಬ್ಬಿನಲ್ಲಿ ಹಿಗ್ಗಿ ಕೂತಿರುವುದರಿಂದ ಸಾಮಾನ್ಯ ತಿರುಪು ಹಾಕಿ ಎಳೆದರೆ ಅಲ್ಲೇ ಮುರಿಯುತ್ತದೆ. ಎರಡು ತಗಡಿನ ಕಾಲಿರುವ, ಬಿರಡೆ ಕೀಳುವ ಸಾಧನ ಇದಕ್ಕೆ ಮೇಲು. ಉದ್ದ ಕಾಲನ್ನು ಮೊದಲು ಬಿರಡೆ ಮತ್ತು ಗಾಜಿನ ಸಂದಿಗೆ ಇಳಿಸಿ, ಎಡಬಲ ಒತ್ತುತ್ತ ಎರಡನ್ನೂ ತಳ ಮುಟ್ಟಿಸಿ, ತಿರುಗಿಸುತ್ತ ಮೇಲೆಳೆಯಿರಿ. ಕೆಳಗೆ ಒತ್ತುವಾಗ ಅವಸರ ಮಾಡಿದರೆ ಬಿರಡೆಯೇ ಒಳಗೆ ಬೀಳುತ್ತದೆ. ಬಿದ್ದರೂ ಚಿಂತೆಯಿಲ್ಲ, ಸೋಸುವುದು ಹೇಗೂ ಇದೆ.

ಸೋಸಲು ತೆಳು ಮಲ್ಮಲ್ ಬಟ್ಟೆ ಸಾಕು. ಆದರೆ ಅದನ್ನು ಸೋಪಿಲ್ಲದೆ ಬಿಸಿನೀರಿನಲ್ಲೇ ತೊಳೆದಿರಬೇಕು, ಇಲ್ಲದಿದ್ದರೆ ಸೋಪಿನ ವಾಸನೆ ಗ್ಲಾಸಿನಲ್ಲಿ ಮೊದಲು ಬರುತ್ತದೆ. ಬಾಟಲಿಯ ಕತ್ತಿನ ಹಿಂದೆ ಟಾರ್ಚ್ ಹಿಡಿದು, ಒಂದೇ ಬಾರಿಗೆ, ನಡುವೆ ನಿಲ್ಲಿಸದೆ ಸುರಿಯಿರಿ. ನಿಲ್ಲಿಸಿ ನಿಲ್ಲಿಸಿ ಸುರಿದರೆ ಬಾಟಲಿ ಹಿಂದೆ ಮುಂದೆ ತುಳುಕಿ ಗಸಿಯೆಲ್ಲ ಎದ್ದು ಬರುತ್ತದೆ. ಭುಜದ ಹತ್ತಿರ ಹೊಗೆಯಂಥ ಕಪ್ಪು ಗೆರೆ ಕಂಡ ಕ್ಷಣ ಸುರಿಯುವುದನ್ನು ನಿಲ್ಲಿಸಿ. ತಳದಲ್ಲಿ ಒಂದು ಸಣ್ಣ ಕಾಫಿ ಲೋಟದಷ್ಟು ಉಳಿಯುತ್ತದೆ. ಜಿಪುಣತನ ಮಾಡಿ ಅದನ್ನೂ ಹಿಂಡಿದರೆ ಮಿಕ್ಕದ್ದೆಲ್ಲ ಕಹಿ.

ಸೋಸಿದ ಮೇಲೆ 1994ಕ್ಕೆ ಎರಡು ಮೂರು ಗಂಟೆ ಗಾಳಿ ಬೇಕು. 1977 ಅಥವಾ 1970ಕ್ಕೆ ಒಂದು ಗಂಟೆ ಸಾಕು, ಹೆಚ್ಚಾದರೆ ಘಮ ಹಾರಿಹೋಗುತ್ತದೆ. ಗ್ಲಾಸಿನಲ್ಲಿ 16ರಿಂದ 18 ಡಿಗ್ರಿ ಇರಲಿ. ಉಗುರುಬಣ್ಣದ ವಾಸನೆ ಸ್ವಲ್ಪ ಇದ್ದರೆ ಗಾಳಿಗೆ ಕಡಿಮೆಯಾಗಬಹುದು, ಕಾದು ನೋಡಿ. ಮಳೆಗೆ ನೆಂದ ಗೋಣಿಚೀಲದ ವಾಸನೆ ಬಂದರೆ ಕಾಯುವುದು ದಂಡ. ಅದು ಬಿರಡೆಯಿಂದ ಬಂದ ರೋಗ, ಗಾಳಿಗೆ ಹೋಗುವುದಿಲ್ಲ.

ಅತಿ ಹೆಚ್ಚು ಗೊಂದಲ ಇರುವುದು ಎಲ್‌ಬಿವಿ (ಲೇಟ್ ಬಾಟಲ್ಡ್ ವಿಂಟೇಜ್, ತಡವಾಗಿ ಬಾಟಲಿಗೆ ತುಂಬಿದ ವಿಂಟೇಜ್) ಎಂಬ ನಡುವಿನ ಜಾತಿಯಲ್ಲಿ. ಕೊಯ್ಲಾಗಿ ನಾಲ್ಕರಿಂದ ಆರು ವರ್ಷಕ್ಕೆ ಬಾಟಲಿಗೆ ತುಂಬಿದ್ದು ಇದು. ಲೇಬಲ್ಲಿನ ಮೇಲೆ ವರ್ಷ ನೋಡಿ ಜನ ವಿಂಟೇಜ್ ಎಂದೇ ಮಲಗಿಸಿಬಿಡುತ್ತಾರೆ. ಕೈಯಲ್ಲೇ ತೆಗೆಯುವ ತಲೆದಪ್ಪ ಬಿರಡೆಯಿದ್ದರೆ ಅದು ಬಹುಮಟ್ಟಿಗೆ ಸೋಸಿ ತುಂಬಿದ್ದು. ಎಷ್ಟು ವರ್ಷ ಇಟ್ಟರೂ ಸುಧಾರಿಸುವುದಿಲ್ಲ, ನಿಲ್ಲಿಸಿ, ಬೇಗ ಮುಗಿಸಿ. ಪೂರ್ತಿ ಒಳಗಿಳಿದ ಉದ್ದ ಬಿರಡೆ, ಲೇಬಲ್ಲಿನಲ್ಲಿ ‘ಅನ್‌ಫಿಲ್ಟರ್ಡ್’ ಎಂಬ ಮಾತು ಇದ್ದರೆ ಮಾತ್ರ ಮಲಗಿಸಬಹುದು. ವಾರ್ಸ್ ಮತ್ತು ಸ್ಮಿತ್ ವುಡ್‌ಹೌಸ್ ಮನೆಗಳ ಎಲ್‌ಬಿವಿ ಈ ಎರಡನೆಯ ಬಗೆ. ಕೊಟ್ಟ ದುಡ್ಡಿಗೆ ಇಡೀ ಗೂಡಿನಲ್ಲಿ ಇವಕ್ಕೆ ಸಾಟಿಯಿಲ್ಲ. ವಿಂಟೇಜಿನ ಮುಕ್ಕಾಲು ಸುಖ, ಕಾಲು ಭಾಗದಷ್ಟೇ ಕಾಯುವಿಕೆ.

ಇನ್ನು ನಿಂತವು. ಟಾನಿಯಲ್ಲಿ 10, 20, 30, 40 ಎಂಬುದು ಸರಾಸರಿ ವಯಸ್ಸಿನ ಸೂಚನೆ, ನಿಖರ ಲೆಕ್ಕವಲ್ಲ. ಬೆಲೆ ಮತ್ತು ರುಚಿ ಎರಡೂ ಸಂಧಿಸುವುದು 20ರಲ್ಲಿ: ಹುರಿದ ಅಕ್ರೋಟು, ಒಣಗಿದ ಕಿತ್ತಳೆ ಸಿಪ್ಪೆ, ಕೊನೆಗೆ ಸಣ್ಣ ಉಪ್ಪಿನಂಥ ಚುರುಕು. 40 ಒಂದು ಗುಟುಕಿಗೆ ಅದ್ಭುತ, ಎರಡನೆಯದಕ್ಕೆ ಭಾರ. ಕೊಳ್ಳುವಾಗ ಬೆನ್ನಿನ ಲೇಬಲ್ಲಿನಲ್ಲಿ ಬಾಟಲಿಗೆ ತುಂಬಿದ ವರ್ಷ ಓದಿ. ಐದಾರು ವರ್ಷದಿಂದ ಅಂಗಡಿಯ ದೀಪದ ಕೆಳಗೆ ನಿಂತಿದ್ದರೆ ಬೇಡ. ಒಂದೇ ಕೊಯ್ಲಿನ, ಕನಿಷ್ಠ ಏಳು ವರ್ಷ ಪೀಪಾಯಿಯಲ್ಲಿದ್ದ ಕೊಲ್ಯೇಟಾಗೂ ಇದೇ ಮಾತು. 1638ರಿಂದ ನಡೆದುಬಂದ ಕೊಪ್ಕೆ ಮನೆ ಇದರಲ್ಲಿ ಎತ್ತಿದ ಕೈ.

ತೆರೆದ ಮೇಲೆ ಹಳೆಯ ವಿಂಟೇಜ್ ಒಂದೆರಡು ದಿನ, ಎಲ್‌ಬಿವಿ ನಾಲ್ಕೈದು ದಿನ. ಟಾನಿ ಫ್ರಿಜ್ಜಿನಲ್ಲಿ ಒಂದು ತಿಂಗಳಾದರೂ ಕೆಡದು. ಮರದಲ್ಲಿದ್ದಾಗಲೇ ಗಾಳಿಯ ಪಾಠ ಕಲಿತದ್ದು ಅದು.

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇದ್ದು 13 ಡಿಗ್ರಿಯ ವೈನ್ ಫ್ರಿಜ್ ಇಲ್ಲದವರು ವಿಂಟೇಜಿಗೆ ದುಡ್ಡು ಹಾಕುವುದು ಬೇಡ. 30 ಡಿಗ್ರಿಯಲ್ಲಿ ನಾಲ್ಕು ಬೇಸಿಗೆ ಕಳೆದ ಬಾಟಲಿ ಮಾಗುವುದಿಲ್ಲ, ಬೇಯುತ್ತದೆ. ಟಾನಿಯೇ ತನ್ನಿ. ಗೋವಾದಲ್ಲೂ ನಮ್ಮ ಕಡೆಯೂ ಪೋರ್ಟ್ ಎಂದು ಮಾರುವ ಅಗ್ಗದ ಸಿಹಿ ವೈನ್ ಬೇರೆ ಪದಾರ್ಥ. ಅಸಲಿಯ ಮೇಲೆ ಪೋರ್ಚುಗಲ್ಲಿನ ಪೋರ್ಟ್ ನಿಯಂತ್ರಣ ಸಂಸ್ಥೆ ಐವಿಡಿಪಿಯ ಖಾತರಿ ಚೀಟಿ ಇರುತ್ತದೆ, ಮದ್ಯಸಾರ ಸಾಮಾನ್ಯವಾಗಿ 19ರಿಂದ 22 ಶೇಕಡ. ಜೊತೆಗೆ ಮೈಸೂರು ಪಾಕ್ ಇಡುವ ಆಸೆಯಾದರೆ ತಡೆದುಕೊಳ್ಳಿ: ವೈನಿಗಿಂತ ತಿಂಡಿ ಸಿಹಿಯಾದರೆ ವೈನೇ ಹುಳಿಯೆನಿಸುತ್ತದೆ. 20 ವರ್ಷದ ಟಾನಿಯನ್ನು 12 ಡಿಗ್ರಿಗೆ ತಣಿಸಿ, ಪಕ್ಕದಲ್ಲಿ ಉಪ್ಪು ಹಾಕಿ ಹುರಿದ ಗೇರುಬೀಜ ಇಡಿ.